ಇಳಿಜಾರಿನಲ್ಲಿ ಕಾಲು ಸೋತರೆ

ಕೇಳುಗರಿಗೆ ನಮಸ್ಕಾರ.

ತೀರ್ಥಹಳ್ಳಿ, ಹೊಸನಗರದ ಕಡೆಯ ಹಿರಿಯರು ಎಷ್ಟೋ ಸಲ ಹೇಳುತ್ತಾರೆ: "ಡಾಕ್ಟ್ರೇ, ತೋಟದಿಂದ ಏರು ಹತ್ತಿ ಬರ್ತೀನಿ, ಏನೂ ಆಗಲ್ಲ. ಇಳಿಯೋವಾಗಲೇ ಕಾಲು ಜೋಮು ಹಿಡಿಯುತ್ತೆ." ಮನೆಯವರು ನಂಬುವುದಿಲ್ಲ. ನಮಗೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ. ಹತ್ತುವಾಗ ಮೈ ಮುಂದಕ್ಕೆ ಬಾಗಿ ಸೊಂಟದೊಳಗಿನ ನರದ ದಾರಿ ತುಸು ಅಗಲವಾಗುತ್ತದೆ; ಇಳಿಯುವಾಗ ಬೆನ್ನು ಹಿಂದಕ್ಕೆ ವಾಲಿ ಅದೇ ದಾರಿ ಇಕ್ಕಟ್ಟಾಗುತ್ತದೆ. ಸೊಸೈಟಿ ಮುಂದೆ ಸಾಲಿನಲ್ಲಿ ನಿಂತರೆ ಕಾಲು ಭಾರ, ಕಟ್ಟೆಯ ಮೇಲೆ ಕೂತರೆ ಹಗುರ. ಇದು ಲಂಬಾರ್ ಸ್ಪೈನಲ್ ಸ್ಟೆನೋಸಿಸ್, ಅಂದರೆ ಸೊಂಟದಲ್ಲಿ ನರದ ದಾರಿ ಕಿರಿದಾಗುವ ಕಾಯಿಲೆಯ ಲಕ್ಷಣ. ವಯಸ್ಸಾದಂತೆ ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಉಬ್ಬಿ, ಕೀಲು ಬೆಳೆದು, ಮೂಳೆಗಳನ್ನು ಬಿಗಿದಿಡುವ ನಾರಾದ ಲಿಗಮೆಂಟ್ ದಪ್ಪಗಾಗಿ ನರಗಳನ್ನು ಒತ್ತುತ್ತವೆ. ನಡೆಯುವಾಗ ಬಂದ ನೋವು ಕೂರದೆ, ನಿಂತಲ್ಲೇ ಇಳಿಯುವುದಾದರೆ ರಕ್ತನಾಳದ ತೊಂದರೆ ಇರಬಹುದು. ಪಾದದ ನಾಡಿಯನ್ನೂ ಪರೀಕ್ಷಿಸಿಕೊಳ್ಳಿ.

ಎಲ್ಲರಿಗೂ ಆಪರೇಷನ್ ಬೇಕಿಲ್ಲ. ವ್ಯಾಯಾಮ, ಮಾತ್ರೆಗಳಿಂದ ಬಹಳ ಜನ ಸುಧಾರಿಸಿಕೊಳ್ಳುತ್ತಾರೆ. ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ನಿನ ಆರಾಮ ಸಾಮಾನ್ಯವಾಗಿ ಕೆಲವು ಕಾಲದ್ದು. ಇಷ್ಟೆಲ್ಲ ಆದಮೇಲೂ ಅಂಗಳ ದಾಟಲು ಕಷ್ಟವೆಂದರೆ, "ಬೆನ್ನು ಮುಟ್ಟಿಸಿದರೆ ಹಾಸಿಗೆ ಹಿಡಿದ ಹಾಗೇ" ಎಂಬ ಮಾತಿಗೆ ಹೆದರಿ ಕೂರಬೇಡಿ. ಆ ಹೆದರಿಕೆಯಿಂದಲೇ ಮನೆಯೊಳಗೆ ಕುಗ್ಗಿಹೋದವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಈಗಿನ ಆಪರೇಷನ್ನಿನಲ್ಲಿ ಸುಮಾರು 2 ಸೆಂಟಿಮೀಟರ್ ಅಗಲದ ಕೊಳವೆಯನ್ನು ಸ್ನಾಯುಗಳ ನಡುವೆ ಇಳಿಸಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ, ಒತ್ತುತ್ತಿರುವ ಮೂಳೆ, ಲಿಗಮೆಂಟನ್ನಷ್ಟೇ ತೆಗೆಯುತ್ತಾರೆ. ಒಂದೇ ಬದಿಯಿಂದ ಹೋಗಿ ಎರಡೂ ಬದಿಯ ನರಗಳನ್ನು ಬಿಡಿಸಬಹುದು. ಸಣ್ಣ ಕ್ಯಾಮೆರಾ ಇರುವ ನಳಿಕೆ ಇಳಿಸಿ ಮಾಡುವ ಎಂಡೋಸ್ಕೋಪಿಯಲ್ಲಿ ಗಾಯ ಇನ್ನೂ ಚಿಕ್ಕದು. ಸಲೈನ್ ಹರಿಸುತ್ತಾ ಪರದೆಯ ಮೇಲೆ ನೋಡಿ ಕೆಲಸ ಮಾಡುತ್ತಾರೆ. ಸ್ನಾಯುವಿಗೆ ಪೆಟ್ಟು ಕಡಿಮೆಯಾದ್ದರಿಂದ ಬಹಳಷ್ಟು ಜನ ಅಂದೋ ಮರುದಿನವೋ ಎದ್ದು ನಡೆಯುತ್ತಾರೆ.

ಆದರೆ ಗಾಯದ ಅಳತೆ ನೋಡಿ ಆಸ್ಪತ್ರೆ ಆರಿಸಬೇಡಿ. ನರಕ್ಕೆ ಸಾಕಷ್ಟು ಜಾಗ ಸಿಕ್ಕಿತೇ ಎನ್ನುವುದೇ ಮುಖ್ಯ. ಮೂಳೆ ಜಾರಿ ಅಲುಗಾಡುತ್ತಿದ್ದರೆ ಸ್ಕ್ರೂ ಹಾಕಿ ಕೂಡಿಸಬೇಕಾಗಬಹುದು. ನರದ ಹೊದಿಕೆ ಹರಿಯುವ, ಸೋಂಕು ತಗಲುವ ಅಪಾಯ ಸಣ್ಣ ಗಾಯದಲ್ಲೂ ಇದೆ. ಕಾಲಿನ ನೋವು ಇಳಿದಷ್ಟು ಸೊಂಟದ ನೋವು ಇಳಿಯದಿರಬಹುದು; ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ರಕ್ತ ತೆಳುಮಾಡುವ ಮಾತ್ರೆ, ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡದೆ ಹೇಳಿ.

ಒಂದು ಸಂದರ್ಭದಲ್ಲಿ ಮಾತ್ರ ಯೋಚಿಸುತ್ತಾ ಕೂರುವಂತಿಲ್ಲ. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಪಾದ ಇದ್ದಕ್ಕಿದ್ದಂತೆ ಜೋತುಬಿದ್ದರೆ, ಮಳೆಯಿರಲಿ, ರಾತ್ರಿಯಿರಲಿ, 108ಕ್ಕೆ ಫೋನ್ ಮಾಡಿ ದೊಡ್ಡಾಸ್ಪತ್ರೆಗೆ ಹೊರಟುಬಿಡಿ.