ನೀರು ಬೇಗ ಹೋಗಲಿ, ಸತ್ವ ಉಳಿಯಲಿ

ಕೇಳುಗರಿಗೆ ನಮಸ್ಕಾರ. ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ ಬೇಸಿಗೆಯ ಹೊತ್ತಿಗೆ ಸಂಚರಿಸಿದವರು, ದ್ರಾಕ್ಷಿ ತೋಟಗಳ ಪಕ್ಕದ ಶೆಡ್‌ಗಳಲ್ಲಿ ಅಂತಸ್ತು ಅಂತಸ್ತಾಗಿ ಬಿಗಿದ ಬಲೆಗಳ ಮೇಲೆ ಹಣ್ಣು ಹರಡಿರುವುದನ್ನು ನೋಡಿರುತ್ತೀರಿ. ಸುಮಾರು 4 ಕಿಲೋ ದ್ರಾಕ್ಷಿ ಒಣಗಿದರೆ 1 ಕಿಲೋ ಒಣದ್ರಾಕ್ಷಿ. ಕಡಿಮೆಯಾದ ತೂಕವೆಲ್ಲ ನೀರು. ಆ ನೀರಿನೊಡನೆ ಸತ್ವವೂ ಹೋಗದಿರಬೇಕಾದರೆ ನೀರು ಬೇಗ ಹೋಗಬೇಕು, ಹಣ್ಣು ಬೇಯಬಾರದು. ನಾನು ಈ ದಿನ ಹೇಳಬೇಕೆಂದಿರುವುದು ಇದೊಂದೇ.

ಅಲ್ಲಿನ ಹಿರಿಯ ಬೆಳೆಗಾರರೊಬ್ಬರು ಮನೆಬಳಕೆಗೆಂದು ಒಂದಿಷ್ಟು ಹಣ್ಣನ್ನು, ಬೇಗ ಒಣಗಲೆಂದು ಬಳಸುವ ದ್ರಾವಣದಲ್ಲಿ ಅದ್ದದೆ ಬಿಸಿಲಿಗೆ ಹಾಕಿದ್ದರು. ಮೂರು ವಾರ ಕಳೆದ ಮೇಲೆ ಕಂದುಬಣ್ಣಕ್ಕೆ ತಿರುಗಿದ್ದ ಆ ರಾಶಿಯನ್ನು ತೋರಿಸಿ, "ಸರ, ಬಿಸಲಾಗ ಒಣಗಿದ್ದಕ್ಕ ಕಸುವು ಹೆಚ್ಚರಿ" ಎಂದು ದೃಢವಾಗಿ ಹೇಳಿದರು. ಪಕ್ಕದ ಶೆಡ್‌ನಲ್ಲಿ ಅವರ ಮಗ ಒಂದು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿಲೀಟರ್ ಡಿಪ್ಪಿಂಗ್ ಆಯಿಲ್, ಅಂದರೆ ಹಣ್ಣು ಅದ್ದಲೆಂದೇ ಬಳಸುವ ಎಣ್ಣೆ, ಬೆರೆಸಿ, ಅದರಲ್ಲಿ ಅದ್ದಿದ ಅದೇ ತೋಟದ ಹಣ್ಣನ್ನು ನೆರಳಿನಲ್ಲಿ ಎರಡು ವಾರದೊಳಗೆ ಒಣಗಿಸಿದ್ದರು. ಅದು ಹಸಿರು ಛಾಯೆಯ ಹಳದಿಯಾಗಿತ್ತು. ನಾನು ಆ ಹಿರಿಯರನ್ನು ಅಡುಗೆಮನೆಗೆ ಕರೆದೊಯ್ದು, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತಿರುವುದನ್ನು ತೋರಿಸಿದೆ. ಅಲ್ಲಿ ಕೆಲಸ ಮಾಡುವ ಕಿಣ್ವವೇ ದ್ರಾಕ್ಷಿಯೊಳಗೂ ಇದ್ದು, ನಮ್ಮ ಆರೋಗ್ಯಕ್ಕೆ ಒಳ್ಳೆಯದೆನ್ನುವ, ಹಣ್ಣಿನಲ್ಲೇ ಇರುವ ಪಾಲಿಫಿನಾಲ್ ಎಂಬ ಸಂಯುಕ್ತಗಳನ್ನು ಅದು ಬಳಸಿಕೊಂಡಾಗಲೇ ಈ ಕಂದುಬಣ್ಣ ಹುಟ್ಟುತ್ತದೆ. ದ್ರಾವಣವು ಸಿಪ್ಪೆಯ ಮೇಣದ ಪದರವನ್ನು ಸಡಿಲಿಸುವುದರಿಂದ ನೀರು ಬೇಗ ಹೊರಬರುತ್ತದೆ, ಕಿಣ್ವಕ್ಕೆ ಸಿಗುವ ಸಮಯ ಕಡಿಮೆಯಾಗುತ್ತದೆ. ಹಿರಿಯರು ಬಹಳ ಹೊತ್ತು ಎರಡೂ ರಾಶಿಗಳನ್ನು ಬಾಯಿಗೆ ಹಾಕಿ ನೋಡುತ್ತ ನಿಂತರು. ಮಗನ ಮುಖದ ಸಂತೋಷವನ್ನು ನಾನು ಮರೆತಿಲ್ಲ.

ಕಂದು ಬಣ್ಣವೇ ಕಸುವಿನ ಗುರುತು ಎಂಬ ಮಾತನ್ನು ಇನ್ನಾದರೂ ಬಿಡೋಣ. ನೀರು ಬೇಗ ಹೋಗಲಿ, ಹಣ್ಣು ಬೇಯದಿರಲಿ.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಸಿ ಜೀವಸತ್ವವನ್ನು ಒಣಹಣ್ಣಿನಿಂದ ನಿರೀಕ್ಷಿಸಬೇಡಿ, ಅದಕ್ಕೆ ತಾಜಾ ನೆಲ್ಲಿಕಾಯಿ ಇದೆ. ನಾರಿನಂಶ ಮತ್ತು ಪೊಟ್ಯಾಸಿಯಂ ಉಳಿಯುತ್ತವೆ. ಸಕ್ಕರೆಯೂ ಸಾಂದ್ರವಾಗುವುದರಿಂದ ಮಧುಮೇಹಿಗಳು ಅಳತೆ ಮೀರಬಾರದು. ಹೊಳೆಯುವ ಬಣ್ಣಕ್ಕಾಗಿ ಗಂಧಕದ ಹೊಗೆ ಕೊಟ್ಟ ಹಣ್ಣು ಕೆಲವು ಆಸ್ತಮಾ ರೋಗಿಗಳಿಗೆ ಒಗ್ಗುವುದಿಲ್ಲ, ಅಂಥವರು ಕೇಳಿ ತಿಳಿದೇ ಕೊಳ್ಳಬೇಕು. ಮನೆಗೆ ತಂದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ, ಬೆಳಕು ತಾಗದಂತೆ ಇಡಿ. ನಮಸ್ಕಾರ.