ನುಂಗಿದ ತುತ್ತು ಹೊಟ್ಟೆ ಸೇರುವುದು ಹೇಗೆ?

[ತೆರೆಯಲ್ಲಿ: ನೀರು ಕುಡಿಯುತ್ತಿರುವವರ ಕೊರಳು, ತೀರಾ ಹತ್ತಿರದಿಂದ]

ಒಂದು ಲೋಟ ನೀರನ್ನು ಬಿಡದೆ ಗಟಗಟ ಕುಡಿಯುತ್ತೀರಿ. ಆಗ ನಿಮ್ಮ ಅನ್ನನಾಳ ಏನು ಮಾಡುತ್ತಿರುತ್ತದೆ ಗೊತ್ತಾ? ಹೆಚ್ಚುಕಡಿಮೆ ಸುಮ್ನೆ ಇರುತ್ತದೆ! ಕೊನೆಯ ಗುಟುಕು ನುಂಗಿದ ಮೇಲಷ್ಟೇ ಮೇಲಿಂದ ಕೆಳಗಿನ ತನಕ ಒಂದು ಸಲ ಹಿಂಡಿಕೊಳ್ಳುತ್ತದೆ. ಯಾಕೆ ಹೀಗೆ? ನೋಡೋಣ ಬನ್ನಿ.

[ತೆರೆಯಲ್ಲಿ: ಅನ್ನನಾಳದ ಚಿತ್ರ, ಎರಡು ಪದರ ಬೇರೆ ಬೇರೆ ಬಣ್ಣದಲ್ಲಿ]

ದೊಡ್ಡವರ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ. ಗೋಡೆಯಲ್ಲಿ ಸ್ನಾಯುವಿನ ಎರಡು ಪದರ. ಒಳಗಿನದು ಬಳೆಯ ಹಾಗೆ ಸುತ್ತಿಕೊಂಡಿದೆ, ಹೊರಗಿನದು ಉದ್ದಕ್ಕೆ ಹಾಯ್ದಿದೆ. ತುತ್ತಿನ ಹಿಂದೆ ಸ್ನಾಯು ಬಿಗಿಯುತ್ತದೆ, ಮುಂದೆ ಸಡಿಲವಾಗುತ್ತದೆ. ಈ ಅಲೆ ಸೆಕೆಂಡಿಗೆ ಸುಮಾರು 3-4 ಸೆಂಟಿಮೀಟರ್ ಇಳಿಯುತ್ತದೆ. ಹೊಟ್ಟೆಯ ಬಾಗಿಲು ಮುಟ್ಟಲು 8-10 ಸೆಕೆಂಡು ಬೇಕು.

ಇದನ್ನೆಲ್ಲ ನಡೆಸುವವರು ಯಾರು? ಇಲ್ಲಿಂದ ಕಥೆ ಇನ್ನೂ ಚೆನ್ನಾಗಿದೆ.

ಮೇಲ್ಭಾಗದ ಸ್ನಾಯು ನಮ್ಮ ಕೈಕಾಲಿನ ಸ್ನಾಯುವಿನ ಜಾತಿಯದೇ. ಆದರೂ ಗಂಟಲು ದಾಟಿದ ತುತ್ತನ್ನು ನಡುದಾರಿಯಲ್ಲಿ ನಿಲ್ಲಿಸಲು ನಮ್ಮಿಂದ ಆಗುವುದಿಲ್ಲ, ಅಲ್ವಾ? ಅದಕ್ಕೆ ಅಪ್ಪಣೆ ಕೊಡುವುದು ಮೆದುಳಿನ ಬುಡ. ಅಲ್ಲಿಂದ ವೇಗಸ್ ನರದ ಮೂಲಕ ಸ್ನಾಯುವಿನ ಒಂದೊಂದು ತುಣುಕಿಗೂ ಸರದಿಯ ಪ್ರಕಾರ ಸಂದೇಶ ಬರುತ್ತದೆ. ಕೆಳಗೆ ಹೋದಂತೆ ಸ್ನಾಯುವಿನ ಜಾತಿಯೇ ಬದಲಾಗುತ್ತದೆ. ಅಲ್ಲಿ ಎರಡು ಪದರಗಳ ನಡುವೆ ನರಕೋಶಗಳದ್ದೇ ಒಂದು ಬಲೆ ಇದೆ. ವೇಗಸ್ ನರ ಆ ಬಲೆಗೆ ಸುದ್ದಿ ಮುಟ್ಟಿಸುತ್ತದೆ, ಮುಂದಿನ ಕೆಲಸ ಬಲೆಯದು.

[ತೆರೆಯಲ್ಲಿ: ನೀಲಿ ಬಣ್ಣ (ಸಡಿಲ) ಮೊದಲು ಹರಡುತ್ತದೆ, ಹಿಂದೆಯೇ ಕೆಂಪು (ಬಿಗಿತ) ಇಳಿಯುತ್ತದೆ]

ನನಗೆ ತುಂಬಾ ಇಷ್ಟವಾದ ವಿಷಯ ಇದು. ನುಂಗಿದ ತಕ್ಷಣ ಈ ಬಲೆ ಮೊದಲು ಹೇಳುವುದು "ಸಡಿಲಾಗು" ಅಂತ. ಈ ಕೆಲಸ ನರಕೋಶಗಳು ಬಿಡುವ ನೈಟ್ರಿಕ್ ಆಕ್ಸೈಡ್ ಎಂಬ ರಾಸಾಯನಿಕದ್ದು. ಹೊಟ್ಟೆಯ ಬಾಗಿಲೂ ಆಗಲೇ ತೆರೆದುಕೊಳ್ಳುತ್ತದೆ. ಆಮೇಲೆ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕ "ಬಿಗಿ" ಅನ್ನುತ್ತದೆ. ಕೆಳಗಿಳಿದಷ್ಟೂ ಸಡಿಲವಾಗಿರುವ ಹೊತ್ತು ಜಾಸ್ತಿ, ಹಾಗಾಗಿ ಬಿಗಿತ ತಡವಾಗಿ ಬರುತ್ತದೆ. ಅಲೆ ಕೆಳಮುಖವಾಗಿ ಸಾಗುವುದು ಇದರಿಂದಲೇ. ಗಟಗಟ ಕುಡಿಯುವಾಗ ಪ್ರತಿ ಗುಟುಕೂ ಹೊಸದಾಗಿ "ಸಡಿಲಾಗು" ಅನ್ನುತ್ತದೆ. ಬಿಗಿಯುವ ಸರದಿಯೇ ಬರುವುದಿಲ್ಲ.

ಚೂರು ಆಹಾರ ಒಳಗೇ ಉಳಿದರೆ? ಗೋಡೆ ಹಿಗ್ಗಿದ್ದು ನರಗಳಿಗೆ ಗೊತ್ತಾಗುತ್ತದೆ. ನಾವು ನುಂಗದಿದ್ದರೂ ಇನ್ನೊಂದು ಅಲೆ ಏಳುತ್ತದೆ.

ಅಕಲೇಸಿಯಾ ಎಂಬ ಕಾಯಿಲೆಯಲ್ಲಿ "ಸಡಿಲಾಗು" ಅನ್ನುವ ನರಕೋಶಗಳೇ ಸಾಯುತ್ತವೆ. ಅಲೆ ಕೆಡುತ್ತದೆ, ಹೊಟ್ಟೆಯ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಊಟ, ನೀರು ಎರಡೂ ಎದೆಯಲ್ಲೇ ನಿಂತ ಹಾಗೆ ಪದೇಪದೇ ಅನಿಸುತ್ತಿದ್ದರೆ ದಯವಿಟ್ಟು ಡಾಕ್ಟರಿಗೆ ತೋರಿಸಿ. ಮೂಗಿನಿಂದ ತೆಳುವಾದ ನಳಿಕೆ ಇಳಿಸಿ, ಅನ್ನನಾಳ ಎಲ್ಲೆಲ್ಲಿ ಎಷ್ಟು ಒತ್ತುತ್ತಿದೆ ಎಂದು ಅಳೆಯುವ ಪರೀಕ್ಷೆ ಇದೆ. ಅದಕ್ಕೆ ಮಾನೋಮೆಟ್ರಿ ಅನ್ನುತ್ತಾರೆ.