ಪ್ರಶ್ನೆಪತ್ರಿಕೆ ಬರೆಯುವವರು ಯಾರು?

ಕೇಳುಗರಿಗೆ ನಮಸ್ಕಾರ.

ನಾನು ಇತಿಹಾಸ ಓದಿದ್ದು ಎರಡು ವಿಶ್ವವಿದ್ಯಾಲಯಗಳಲ್ಲಿ. ಎಂ.ಎ. ಮಾಡಿದ್ದು ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗೆಯಲ್ಲಿ. ಆಮೇಲೆ ವಾಡಿ, ಸೇಡಂ, ತಾಂಡೂರು ದಾಟಿ ಲಿಂಗಂಪಲ್ಲಿಯಲ್ಲಿ ರೈಲಿಳಿದು, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಎಂ.ಫಿಲ್. ಈಗ ತಮ್ಮನ ಮಗಳು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿದ್ದಾಳೆ. ರಜೆಗೆ ಬಂದಾಗೆಲ್ಲ ಅಲ್ಲಿಯ ಸುದ್ದಿ ಹೇಳುತ್ತಾಳೆ. ಹೀಗಾಗಿ ಮೂರನೆಯದರ ಪರಿಚಯವೂ ನನಗೆ ಕಿವಿಯಿಂದ ಆಗಿದೆ.

ಯಾವುದು ಛಲೋ ಅಂತ ಜನ ಕೇಳುವಾಗ ಕಟ್ಟಡ, ಜಾಗ, ಹಾಸ್ಟೆಲು ಇವುಗಳ ಮಾತೇ ಮೊದಲು ಬರುತ್ತದೆ. ಜ್ಞಾನಗಂಗೆಯ ಆವರಣ ಸುಮಾರು 860 ಎಕರೆ, ಕಡಗಂಚಿಯದು 654 ಎಕರೆ, ಹೈದರಾಬಾದಿನದು ಎರಡು ಸಾವಿರ ಎಕರೆಗೂ ಮೇಲೆ. ಎಕರೆಯಿಂದ ವಿದ್ಯೆ ಬರುವಂತಿದ್ದರೆ ನಮ್ಮ ಕಡೆಯ ಗೌಡರೆಲ್ಲ ಪಂಡಿತರಾಗಿರಬೇಕಿತ್ತು! ನನಗೆ ಕಂಡ ದೊಡ್ಡ ವ್ಯತ್ಯಾಸ ಬೇರೆಯದು. ಪಾಠ ಹೇಳುವವರೇ ಪ್ರಶ್ನೆಪತ್ರಿಕೆ ಬರೆಯುತ್ತಾರೋ, ಬೇರೆಯವರು ಬರೆಯುತ್ತಾರೋ? ಉಳಿದದ್ದೆಲ್ಲ ಬಹುಮಟ್ಟಿಗೆ ಅದರಿಂದಲೇ ಹುಟ್ಟುತ್ತದೆ.

ಕಲಬುರಗಿಯಲ್ಲಿ ನಾವು ವರ್ಷವಿಡೀ ಓದಿದ್ದು ಮುಖ ಕಾಣದ ಪರೀಕ್ಷಕರಿಗಾಗಿ. ಉತ್ತರ ಪತ್ರಿಕೆಯ ಮೇಲೆ ಹೆಸರಿಲ್ಲ, ಬರೀ ನಂಬರು. ಎಲ್ಲಿ ಯಾವ ಪ್ರಶ್ನೆ ಬಿದ್ದೀತೋ ಅಂತ ಪಠ್ಯಕ್ರಮವನ್ನು ಮೂಲೆಮೂಲೆಯೂ ಬಿಡದೆ ಓದಬೇಕು. ಹಾಗಾಗಿ ಸಾತವಾಹನರಿಂದ ಹಿಡಿದು ಹೈದರಾಬಾದ್ ವಿಮೋಚನೆಯ ತನಕ ಎಲ್ಲವೂ ಒಂದಿಷ್ಟು ತಲೆಯಲ್ಲಿ ಕೂತಿತು. ಉತ್ತರ ಬರೆದದ್ದು ಕನ್ನಡದಲ್ಲಿ.

ಹೈದರಾಬಾದಿನಲ್ಲಿ ಪಾಠ ಹೇಳುವವರೇ ವಿಷಯ ಕೊಡುವವರು, ಪ್ರಬಂಧ ಬರೆಸುವವರು, ಅಂಕ ಹಾಕುವವರು. ಅವರಿಗೆ ಯಾವುದರಲ್ಲಿ ಆಸಕ್ತಿಯೋ ಅದರಲ್ಲಿ ನಾಲ್ಕು ತಿಂಗಳು ಮುಳುಗಿಬಿಡಬಹುದು. ಉಳಿದ ಶತಮಾನಗಳ ಗೊಡವೆ ಬೇಡ. ನನ್ನ ಮೊದಲ ಪ್ರಬಂಧ ವಾಪಸ್ ಬಂದಾಗ ಅದರ ಅಂಚಿನಲ್ಲಿ ಅಂಕವೇ ಇರಲಿಲ್ಲ, ಪ್ರಶ್ನೆಗಳಿದ್ದವು. ಇದು ನಿಮಗೆ ಹೇಗೆ ಗೊತ್ತು? ಇದನ್ನು ಮೊದಲು ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು?

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಚಿತ್ತಾಪುರ ತಾಲೂಕಿನ ಸನ್ನತಿ, ಭೀಮಾ ನದಿಯ ದಂಡೆಯ ಊರು. ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪವನ್ನು ಅಗೆದಾಗ ಒಬ್ಬ ರಾಜನ ಶಿಲ್ಪ ಹೊರಬಂತು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಅಂತ ಕೆತ್ತಿದೆ, ಅಂದರೆ ರಾಜ ಅಶೋಕ. ಎಂ.ಎ. ಓದುವಾಗ ನಮ್ಮ ಸರ್ ನಮ್ಮನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಅಲ್ಲಿಗೆ ಹೋಗಿದ್ದರು. ಬಿಸಿಲಲ್ಲಿ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂಡಿಸಿ ಒಂದೊಂದೇ ಅಕ್ಷರ ಓದಿಸಿದರು. "ಬೆರಳಿಟ್ಟು ಓದ್ರಿ, ಬರೇ ಕಣ್ಣಿಗೆ ಕಾಣಂಗಿಲ್ಲ" ಅಂತಿದ್ದರು.

ಹೈದರಾಬಾದಿನ ತರಗತಿಯಲ್ಲಿ ಅದೇ ಶಿಲ್ಪದ ಚಿತ್ರ ಬಂತು. ಆ ಕಲ್ಲನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ ಅಂತ ಒಳಗೊಳಗೇ ಹಿಗ್ಗಿದೆ. ಪ್ರೊಫೆಸರು ಒಂದೇ ಪ್ರಶ್ನೆ ಹಾಕಿದರು: ಇದನ್ನು ಕೆತ್ತುವ ಹೊತ್ತಿಗೆ ಅಶೋಕ ತೀರಿಕೊಂಡು ಎಷ್ಟೋ ತಲೆಮಾರು ಕಳೆದಿತ್ತು, ಹಾಗಾದರೆ ಶಿಲ್ಪಿ ಕೆತ್ತಿದ್ದು ಯಾರ ಮುಖವನ್ನು? ಅವತ್ತಿನ ತರಗತಿ ಪೂರ್ತಿ ಅದರಲ್ಲೇ ಹೋಯಿತು. ಅಕ್ಷರ ಓದಲು ಬಾರದಿದ್ದರೆ ಆ ಚರ್ಚೆಯಲ್ಲಿ ನನಗೆ ಜಾಗವೇ ಇರುತ್ತಿರಲಿಲ್ಲ. ಆ ಪ್ರಶ್ನೆ ಏಳದಿದ್ದರೆ ನನ್ನ ಓದು ಅಕ್ಷರದ ಹತ್ತಿರವೇ ನಿಂತುಬಿಡುತ್ತಿತ್ತು.

ಹಾಗಂತ ಮೇಷ್ಟ್ರೇ ಅಂಕ ಹಾಕುವ ಪದ್ಧತಿಯನ್ನು ನಾನು ಪೂರ್ತಿ ಹೊಗಳಲಾರೆ. ನಾನು ಇಂಗ್ಲಿಷಿನಲ್ಲಿ ಒಂದು ವಾಕ್ಯ ಜೋಡಿಸುವಷ್ಟರಲ್ಲಿ ದೆಹಲಿ, ಕೋಲ್ಕತ್ತದ ಗೆಳೆಯರು ವಾದ ಮುಗಿಸಿ ಚಹಾಕ್ಕೆ ಎದ್ದಿರುತ್ತಿದ್ದರು. ಎದುರಿಗೆ ಕೂತು ಅಂಕ ಹಾಕುವ ಕಡೆ ಮಾತು ಬಲ್ಲವರಿಗೆ ಅನುಕೂಲ ಜಾಸ್ತಿ. ಆಳಂದದಿಂದಲೋ ಸುರಪುರದಿಂದಲೋ ಬಂದು ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂರುವ ಹುಡುಗಿಗೆ, ಹೆಸರು ಕಾಣದ ಆ ನಂಬರಿನ ಪರೀಕ್ಷೆಯೇ ಎಷ್ಟೋ ಸಲ ಕಾಪಾಡುತ್ತದೆ. ಸೆಮಿನಾರು ಮಾಡಿಸಿದರೆ ಸಾಕು, ಶಿಕ್ಷಣ ಸುಧಾರಿಸಿತು ಅನ್ನುವವರು ಇದನ್ನು ಯೋಚಿಸಿದಂತಿಲ್ಲ.

ಇನ್ನೊಂದು, ಪಕ್ಕದ ಬೆಂಚಿನಲ್ಲಿ ಯಾರು ಕೂರುತ್ತಾರೆ ಅನ್ನುವುದು. ನಮ್ಮ ಭಾಗದ ಹಳಬರು ಉರ್ದು ಮಾಧ್ಯಮದಲ್ಲಿ ಓದಲು 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋದವರು. ಏಕೀಕರಣದ ನಂತರ ದಾರಿ ಧಾರವಾಡದ ಕಡೆ ತಿರುಗಿತು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಕಲಬುರಗಿಗೆ ಬಂತು, 1980ರಲ್ಲಿ ಅದೇ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ನನ್ನ ಕಾಲದಲ್ಲಿ ಅದರ ವ್ಯಾಪ್ತಿ ಬೀದರಿನಿಂದ ಬಳ್ಳಾರಿಯವರೆಗೆ. ಹಾಸ್ಟೆಲಿನಲ್ಲಿ ಒಂದು ಕಡೆ ಔರಾದಿನವಳು, ಇನ್ನೊಂದು ಕಡೆ ಕೂಡ್ಲಿಗಿಯವಳು. ಇಬ್ಬರ ಕನ್ನಡವೂ ಬೇರೆ, ಊಟವೂ ಬೇರೆ. ಈಗ ಬಳ್ಳಾರಿಗೆ, ರಾಯಚೂರಿಗೆ, ಬೀದರಿಗೆ ತಮ್ಮ ತಮ್ಮ ವಿಶ್ವವಿದ್ಯಾಲಯಗಳಾಗಿವೆ. ಮನೆಯಿಂದಲೇ ಬಸ್ ಪಾಸಿನಲ್ಲಿ ಓಡಾಡಿ ಓದುವ ಹೆಣ್ಣುಮಕ್ಕಳಿಗೆ ಇದರಿಂದ ಆದ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯಲಾರೆ. ಆದರೂ ಔರಾದಿನವಳೂ ಕೂಡ್ಲಿಗಿಯವಳೂ ಒಂದೇ ಕೋಣೆಯಲ್ಲಿ ಜಗಳಾಡುವುದು ತಪ್ಪಿತಲ್ಲ ಅಂತ ಅನಿಸುತ್ತದೆ.

ಆ ಬೆರಕೆ ಈಗ ಕಡಗಂಚಿಯಲ್ಲಿದೆ. ಕೇಂದ್ರೀಯ ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ, ಅದೂ ಮೊದಮೊದಲು ನಮ್ಮ ಜ್ಞಾನಗಂಗೆಯ ಆವರಣದೊಳಗೇ. ತಮ್ಮನ ಮಗಳ ಗೆಳತಿಯರಲ್ಲಿ ಕೇರಳದವರಿದ್ದಾರೆ, ಒಡಿಶಾದವರಿದ್ದಾರೆ. ಅವರಲ್ಲೊಬ್ಬಳು, ರಾಷ್ಟ್ರಕೂಟರ ರಾಜಧಾನಿ ಇಲ್ಲಿಂದ ಎಷ್ಟು ದೂರ ಅಂತ ಕೇಳಿದಳಂತೆ. ಸೇಡಂ ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದ ನಮ್ಮ ಹುಡುಗಿ ಮಳಖೇಡದಲ್ಲಿ ಒಮ್ಮೆಯೂ ಇಳಿದವಳಲ್ಲ. "ಅತ್ತಿ, ನೀನೂ ಬಾ, ಅವ್ರಿಗೆ ನಾ ಏನ್ ತೋರಿಸ್ಲಿ?" ಅಂತ ಫೋನ್ ಮಾಡಿದಳು. ಹೋದೆವು. ಕಾಗಿಣಾ ದಂಡೆಯ ಕೋಟೆಯ ಮೇಲೆ ಆ ಕೇರಳದ ಹುಡುಗಿ ಹಾಕಿದ ಪ್ರಶ್ನೆಗಳಿಗೆ ಉತ್ತರ ಹುಡುಕುವಷ್ಟರಲ್ಲಿ ನಮ್ಮಿಬ್ಬರಿಗೂ ಬೆವರು ಬಂತು.

ಈ ವರ್ಷ ಪದವಿ ಮುಗಿಸುವವರಿಗೆ ಎರಡು ಮಾತು. ಎಲ್ಲಿಗೇ ಅರ್ಜಿ ಹಾಕಿದರೂ ಮೊದಲು ಆ ವಿಭಾಗದ ಹಿಂದಿನ ಪ್ರಶ್ನೆಪತ್ರಿಕೆಗಳನ್ನು ತರಿಸಿ ನೋಡಿ. ಯಾವ ಭಾಷೆಯಲ್ಲಿ ಉತ್ತರ ಬರೆಯಬಹುದು, ಆಂತರಿಕ ಅಂಕ ಎಷ್ಟು ಅಂತ ಅಲ್ಲಿ ಓದುತ್ತಿರುವವರನ್ನೇ ಕೇಳಿ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ಅದಕ್ಕೆ ಅರ್ಜಿ ಕರೆಯುವುದು ನಮ್ಮ ಪದವಿ ಫಲಿತಾಂಶ ಬರುವುದಕ್ಕಿಂತ ಎಷ್ಟೋ ತಿಂಗಳು ಮೊದಲು. ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಅಂದರೆ ಆ ಬಾಗಿಲು ಮುಚ್ಚಿರುತ್ತದೆ.

ನಮಸ್ಕಾರ.